ಸಂಖ್ಯಾಶಾಸ್ತ್ರ ಕಲಿಸುವ ಸಂಶೋಧಕರಿಗೆ ಕಲಿಸುವವರು ಯಾರು?

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮಾವಳಿಯ ಬಗ್ಗೆ ಚರ್ಚೆ ನಡೆದದ್ದು ಬಹುಮಟ್ಟಿಗೆ ಪ್ರವೇಶದ ಅರ್ಹತೆ, ಪ್ರಬಂಧ ಪ್ರಕಟಣೆ ಮತ್ತು ಅರೆಕಾಲಿಕ ಪಿಎಚ್‌ಡಿಯ ಸುತ್ತ. ಅದೇ ನಿಯಮಾವಳಿಯ ಇನ್ನೊಂದು ಕಲಮಿನತ್ತ ಅಷ್ಟಾಗಿ ಗಮನ ಹೋಗಲಿಲ್ಲ. ಯಾವ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರೂ ಸಂಶೋಧನಾ ವಿದ್ಯಾರ್ಥಿಯು ತನ್ನ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಶಿಕ್ಷಣಕ್ರಮ ಹಾಗೂ ಬರವಣಿಗೆಯಲ್ಲಿ ತರಬೇತಿ ಪಡೆಯಬೇಕು ಎಂದು ಆ ಕಲಮು ಹೇಳುತ್ತದೆ. ಟ್ಯುಟೋರಿಯಲ್, ಪ್ರಯೋಗಾಲಯ ಮತ್ತು ಮೌಲ್ಯಮಾಪನದ ಕೆಲಸಕ್ಕಾಗಿ ಅವರಿಗೆ ವಾರಕ್ಕೆ 4ರಿಂದ 6 ತಾಸುಗಳ ಸಹಾಯಕತ್ವ ವಹಿಸಬಹುದು ಎಂದೂ ಸೇರಿಸುತ್ತದೆ. ಕೆಲಸ ವಹಿಸುವುದು ಸುಲಭ. ತರಬೇತಿಯನ್ನು ಯಾರು, ಯಾವುದರಲ್ಲಿ, ಎಷ್ಟು ಕಾಲ ಕೊಡಬೇಕೆಂಬುದನ್ನು ಮಾತ್ರ ಆಯಾ ವಿಶ್ವವಿದ್ಯಾಲಯಗಳೇ, ಕೊನೆಗೆ ಆಯಾ ವಿಭಾಗಗಳೇ ತೀರ್ಮಾನಿಸಬೇಕು. ಪುಣೆ ಮತ್ತು ಮುಂಬಯಿಯ ಸಂಖ್ಯಾಶಾಸ್ತ್ರ ತರಗತಿಗಳನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ಈ ತೀರ್ಮಾನ ತಪ್ಪು ದಿಕ್ಕಿಗೆ ಹೊರಳೀತೆಂಬ ಆತಂಕವಿದೆ. ತರಬೇತಿ ಎಂದರೆ ಮಾತುಗಾರಿಕೆ, ಸ್ಲೈಡು ತಯಾರಿಕೆ, ತರಗತಿಯನ್ನು ಹತೋಟಿಯಲ್ಲಿಡುವ ಜಾಣ್ಮೆ ಎಂದುಕೊಂಡುಬಿಟ್ಟರೆ, ಸಂಖ್ಯಾಶಾಸ್ತ್ರದ ಮಟ್ಟಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಈ ಶಾಸ್ತ್ರದ ಪರಿಕಲ್ಪನೆಗಳು ಕಲಿಯುವವರ ತಲೆಯಲ್ಲಿ ಎಲ್ಲಿ ಎಡವುತ್ತವೆ, ಏಕೆ ಎಡವುತ್ತವೆ ಎಂಬುದನ್ನು ಬೋಧನಾ ಸಹಾಯಕರು (ಟೀಚಿಂಗ್ ಅಸಿಸ್ಟೆಂಟ್, ಚಿಕ್ಕದಾಗಿ ಟಿಎ) ಮೊದಲು ತಿಳಿಯಬೇಕು, ಮತ್ತು ಆ ತಿಳಿವಳಿಕೆಯನ್ನು ಕೊಡಬಲ್ಲವರು ಸಂಖ್ಯಾಶಾಸ್ತ್ರ ಕಲಿಸಿ ಅನುಭವವಿರುವವರು ಮಾತ್ರ.

ಈ ಕಲಮು ಎಲ್ಲ ವಿಭಾಗಗಳಿಗೂ ಅನ್ವಯಿಸುತ್ತದೆ, ನಿಜ. ಆದರೆ ಸಂಖ್ಯಾಶಾಸ್ತ್ರ ಕಲಿಯಲು ಬಂದು ಕೂರುವವರಲ್ಲಿ ಸಂಖ್ಯಾಶಾಸ್ತ್ರಜ್ಞರಾಗಹೊರಟವರು ಕಡಿಮೆ. ಮನಶ್ಶಾಸ್ತ್ರ, ವಾಣಿಜ್ಯ, ಅರ್ಥಶಾಸ್ತ್ರ, ಜೈವಿಕ ತಂತ್ರಜ್ಞಾನ, ಕೃಷಿ, ಮ್ಯಾನೇಜ್‌ಮೆಂಟ್ ಓದುವವರೆಲ್ಲ ಒಂದೋ ಎರಡೋ ಪತ್ರಿಕೆಯ ಮಟ್ಟಿಗೆ ಇಲ್ಲಿಗೆ ಬಂದು ಹೋಗುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬೇರೆ ವಿಭಾಗಗಳ ವಿಷಯವನ್ನು ಆಯ್ದುಕೊಳ್ಳುವ ಅವಕಾಶ ಹೆಚ್ಚಿದ ಮೇಲೆ, ಡೇಟಾ ಸೈನ್ಸ್ ಎಂಬ ಹೆಸರಿಗೆ ಉದ್ಯೋಗದ ಆಕರ್ಷಣೆ ಅಂಟಿಕೊಂಡ ಮೇಲೆ, ಈ ಒತ್ತಡ ಇನ್ನೂ ಏರಿದೆ. ತರಗತಿ ದೊಡ್ಡದಾದಷ್ಟೂ ಪ್ರಾಧ್ಯಾಪಕರ ಉಪನ್ಯಾಸಕ್ಕೂ ವಿದ್ಯಾರ್ಥಿಯ ಪ್ರಶ್ನೆಗೂ ನಡುವಿನ ಅಂತರ ಹಿಗ್ಗುತ್ತದೆ, ಮತ್ತು ಆ ಅಂತರದಲ್ಲಿ ನಿಲ್ಲುವವರು ಟ್ಯುಟೋರಿಯಲ್ ತೆಗೆದುಕೊಳ್ಳುವ ಸಂಶೋಧನಾ ವಿದ್ಯಾರ್ಥಿಗಳು. ಎಂಎ ಮನಶ್ಶಾಸ್ತ್ರದ ಹುಡುಗಿಯೊಬ್ಬಳು ಪಿ-ವ್ಯಾಲ್ಯೂ ಎಂದರೇನೆಂದು ಜೀವನದಲ್ಲಿ ಒಂದೇ ಸಲ ಕೇಳುತ್ತಾಳೆ. ಆ ಪ್ರಶ್ನೆ ಹೋಗಿ ಮುಟ್ಟುವುದು ಪ್ರಾಧ್ಯಾಪಕರನ್ನಲ್ಲ, ಅವರ ಟಿಎಯನ್ನು.

ಪುಣೆಗೆ ಈ ವಿಷಯದಲ್ಲಿ ಹಳೆಯ ಹಿರಿಮೆಯಿದೆ. ಕೇಂಬ್ರಿಜ್‌ನಲ್ಲಿ ಹೆರಾಲ್ಡ್ ಜೆಫ್ರೀಸ್ ಅವರ ಬಳಿ ಸಂಶೋಧನೆ ಮಾಡಿ ಬಂದ ಕೊಲ್ಹಾಪುರದ ವಿ. ಎಸ್. ಹುಜೂರಬಜಾರ್ 1953ರಲ್ಲಿ ಪುಣೆ ವಿಶ್ವವಿದ್ಯಾಲಯದ ಗಣಿತ ಮತ್ತು ಸಂಖ್ಯಾಶಾಸ್ತ್ರ ವಿಭಾಗದ ಸ್ಥಾಪಕ ಮುಖ್ಯಸ್ಥರಾದರು. 1974ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದಕ್ಕೂ ಮೊದಲು, ಗೋವೆಯ ಕೋಸ್ಬೆ ಗ್ರಾಮದಲ್ಲಿ ಹುಟ್ಟಿದ ಡಿ. ಡಿ. ಕೋಸಂಬಿ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಲೇ, ಚಲಾವಣೆಯಲ್ಲಿ ಸವೆದ ಪ್ರಾಚೀನ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಅಭ್ಯಸಿಸಿದರು. ವಂಶವಾಹಿಗಳ ನಡುವಿನ ಅಂತರವನ್ನು ಅಂದಾಜಿಸುವ ಅವರ ಸೂತ್ರವನ್ನು ತಳಿವಿಜ್ಞಾನಿಗಳು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. 1930ರಲ್ಲಿ ಸ್ಥಾಪನೆಯಾದ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆ ಹಳ್ಳಿಹಳ್ಳಿಗಳ ಸಮೀಕ್ಷೆಯನ್ನು ಶಿಸ್ತಾಗಿ ರೂಢಿಸಿತು. ಕನ್ನಡಿಗರಾದ ನಾವು ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರನ್ನು ಹೆಮ್ಮೆಯಿಂದ ನೆನೆಯುತ್ತೇವೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದ ಅವರು ಅದೇ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಇಂಥ ಪರಂಪರೆಯ ಫಲವಾಗಿ ನಮ್ಮಲ್ಲಿ ಪ್ರಮೇಯಗಳ ಕಲಿಕೆ ಗಟ್ಟಿಯಾಗಿದೆ. ಕಲಿಸುವುದನ್ನು ಕಲಿಸುವ ಪರಂಪರೆ ಮಾತ್ರ ಬೆಳೆಯಲಿಲ್ಲ. ಎಂಎಸ್‌ಸಿಯಲ್ಲಿ ಒಳ್ಳೆಯ ಅಂಕ ಬಂದವರು ಕಲಿಸಲೂ ಬಲ್ಲರೆಂದು ನಾವು ಭಾವಿಸಿಕೊಂಡೇ ಬಂದಿದ್ದೇವೆ.

ಟಿಎ ಆದವರು ನಿಜವಾಗಿ ಮಾಡುವ ಕೆಲಸ ಏನೆಂದು ನೋಡಿದರೆ ಈ ಭಾವನೆಯ ದೋಷ ಕಾಣುತ್ತದೆ. ಮಹಾರಾಷ್ಟ್ರದ ಕಾಲೇಜುಗಳಲ್ಲಿ ಪ್ರ್ಯಾಕ್ಟಿಕಲ್ ಎಂದರೆ ಜರ್ನಲ್. ಪ್ರತಿ ಪ್ರಯೋಗಕ್ಕೂ ಉದ್ದೇಶ, ಸೂತ್ರ, ಲೆಕ್ಕ, ತೀರ್ಮಾನ ಎಂಬ ತಲೆಬರಹಗಳಡಿ ಬರೆದು, ಸಹಿ ಹಾಕಿಸಿಕೊಂಡು, ಸೆಮಿಸ್ಟರಿನ ಕೊನೆಗೆ ಸರ್ಟಿಫೈ ಮಾಡಿಸಿಕೊಂಡರೆ ಸಬ್‌ಮಿಷನ್ ಮುಗಿಯಿತು. ಎರಡು ಗೋಧಿ ತಳಿಗಳ ಇಳುವರಿಯನ್ನು ಹೋಲಿಸುವ ಟಿ-ಟೆಸ್ಟಿನ ಪ್ರಯೋಗವಿದೆ ಎಂದುಕೊಳ್ಳೋಣ. ಬ್ಯಾಚಿನ ಎಲ್ಲ ಜರ್ನಲ್‌ಗಳಲ್ಲೂ ಕೊನೆಯ ಸಾಲು ಅಕ್ಷರಕ್ಕಕ್ಷರ ಒಂದೇ ಇರುತ್ತದೆ: ‘ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇರುವುದರಿಂದ ಎಚ್-ನಾಟ್ ರಿಜೆಕ್ಟ್ ಮಾಡಲಾಗಿದೆ.’ ಎಚ್-ನಾಟ್ ಎಂದರೆ ಎರಡೂ ತಳಿಗಳಲ್ಲಿ ವ್ಯತ್ಯಾಸವಿಲ್ಲ ಎಂದು ಆರಂಭದಲ್ಲಿ ಇಟ್ಟುಕೊಳ್ಳುವ ಊಹೆ. ಟಿಎ ಲೆಕ್ಕ ಸರಿಯಿದೆಯೇ ಎಂದು ಕಣ್ಣಾಡಿಸಿ ಟಿಕ್ ಹಾಕುತ್ತಾರೆ. ವ್ಯತ್ಯಾಸ ಎಷ್ಟು ಕ್ವಿಂಟಾಲಿನದು, ಅಷ್ಟಕ್ಕೆ ರೈತ ಬೀಜ ಬದಲಿಸಬೇಕೇ, ಹೋಲಿಸಿದ ಹೊಲಗಳನ್ನು ಆರಿಸಿದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಜರ್ನಲ್‌ನಲ್ಲಿ ಜಾಗವೇ ಇಲ್ಲ. ಸಂಖ್ಯಾಶಾಸ್ತ್ರ ಆರಂಭವಾಗುವುದೇ ಆ ಪ್ರಶ್ನೆಗಳಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪುಣೆಯಲ್ಲಿ ಇಂಥದೊಂದು ಟ್ಯುಟೋರಿಯಲ್‌ನಲ್ಲಿ ಕುಳಿತಿದ್ದಾಗ ಕೇಳಿದ ಮಾತುಕತೆಯನ್ನು ಇಲ್ಲಿ ಕೊಡುವುದು ಉಚಿತ. ಟ್ಯುಟೋರಿಯಲ್ ತೆಗೆದುಕೊಳ್ಳುತ್ತಿದ್ದವರು ವಿಜಯಪುರದ ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಪ್ರಶ್ನೆ ಕೇಳಿದವನು ಅಕ್ಕಲಕೋಟೆ ತಾಲೂಕಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ. ಎಲ್ಲರೂ ಎದ್ದ ಮೇಲೆ ಜರ್ನಲ್ ಹಿಡಿದುಕೊಂಡು ಮೇಜಿನ ಬಳಿ ಬಂದ.

‘ಅಕ್ಕಾ, ಪಿ 0.03 ಬಂದದ. ಹಂಗಂದ್ರ ಎಚ್-ನಾಟ್ ಖರೇ ಇರೋ ಚಾನ್ಸ್ ಬರೇ ಮೂರು ಪರ್ಸೆಂಟ್ ಅಲ್ಲೇನು?’

‘ಅಲ್ಲೋ ತಮ್ಮಾ. ಎಚ್-ನಾಟ್ ಖರೇ ಅದ ಅಂತ ಹಿಡಕೊಂಡೇ ಲೆಕ್ಕಾ ಶುರು ಮಾಡೇವಿ. ಅದೇ ಲೆಕ್ಕದಾಗ ಅದು ಖರೇ ಇರೋ ಚಾನ್ಸ್ ಹೆಂಗ ಬರ್ತದ?’

‘ಮತ್ತ ಈ ಮೂರು ಯಾವುದರದ್ದು?’

ಆ ಕೊನೆಯ ಪ್ರಶ್ನೆಗೆ ಅವರು ಬಾಯಿಮಾತಿನ ಉತ್ತರ ಕೊಡಲಿಲ್ಲ. ಮುಂದಿನ ವಾರ ಬ್ಯಾಚಿನ ಎಲ್ಲರಿಗೂ ಒಂದೊಂದು ರೂಪಾಯಿಯ ನಾಣ್ಯವನ್ನು ಹತ್ತು ಸಲ ಚಿಮ್ಮಲು ಹೇಳಿ, ಎಷ್ಟು ಹೆಡ್ ಬಂತೆಂದು ಬೋರ್ಡಿನ ಮೇಲೆ ಬರೆಸಿದರು. ನಾಣ್ಯದಲ್ಲಿ ಯಾವ ದೋಷವೂ ಇಲ್ಲದಿದ್ದಾಗ ಹತ್ತರಲ್ಲಿ ಎಂಟು ಅಥವಾ ಹೆಚ್ಚು ಹೆಡ್ ಬೀಳುವ ಸಂಭವನೀಯತೆ 1024ರಲ್ಲಿ 56, ಅಂದರೆ ಶೇ 5.5ರಷ್ಟು, ನಲವತ್ತು ಜನ ಚಿಮ್ಮಿದರೆ ಸರಾಸರಿ ಇಬ್ಬರಿಗೆ ಹಾಗೆ ಆಗಬೇಕು. ಎಂಟು ಬಂದವರ ನಾಣ್ಯ ಖೋಟಾ ಎಂದು ಯಾರೂ ಹೇಳಲಿಲ್ಲ, ಏಕೆಂದರೆ ಎಲ್ಲವೂ ಕಿಸೆಯಿಂದ ತೆಗೆದ ಸಾಮಾನ್ಯ ನಾಣ್ಯಗಳೆಂದು ಅವರಿಗೆ ಗೊತ್ತಿತ್ತು. ಶೇ 5.5 ಎಂಬ ಅಂಕಿ ನಾಣ್ಯ ಸರಿಯಿರುವ ಸಂಭವನೀಯತೆಯಲ್ಲ, ಸರಿಯಿರುವ ನಾಣ್ಯ ಇಂಥ ಫಲಿತಾಂಶ ತೋರುವ ಸಂಭವನೀಯತೆ ಎಂಬುದು ಬೋರ್ಡಿನ ಮೇಲೆಯೇ ಕಂಡಿತು. ಪಿ-ವ್ಯಾಲ್ಯೂ ಎಂಬುದೂ ಇಂಥದೇ ಅಂಕಿ, ಎಚ್-ನಾಟ್ ನಿಜವಾಗಿರುವ ಸಂಭವನೀಯತೆಯಲ್ಲ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ-ವ್ಯಾಲ್ಯೂ ಬಗ್ಗೆ ಹೊರಡಿಸಿದ ಹೇಳಿಕೆ ಎತ್ತಿ ಹೇಳಿದ ತತ್ವಗಳಲ್ಲಿ ಇದೂ ಒಂದು. ಆ ಸಂಶೋಧಕಿಗೆ ಈ ಉಪಾಯ ಯಾವ ತರಬೇತಿಯಿಂದಲೂ ಬಂದದ್ದಲ್ಲ, ಸ್ವಂತ ಯೋಚನೆಯಿಂದ ಬಂದದ್ದು. ಪಕ್ಕದ ಬ್ಯಾಚಿನ ಟಿಎಗೆ ಅದು ತಿಳಿಯುವ ದಾರಿಯೇ ಇರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಹುಡುಗನ ತಪ್ಪು ತಿಳಿವಳಿಕೆ ಅವನೊಬ್ಬನದೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಜರ್ಮನಿಯ ಹಾಲರ್ ಮತ್ತು ಕ್ರೌಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಸುಪರಿಚಿತ. ಟಿ-ಟೆಸ್ಟಿನಲ್ಲಿ ಪಿ 0.01 ಬಂದಿದೆ ಎಂದು ಹೇಳಿ, ಅದರ ಅರ್ಥದ ಬಗ್ಗೆ ಆರು ಹೇಳಿಕೆಗಳನ್ನು ಕೊಟ್ಟು, ಯಾವುದು ಸರಿ, ಯಾವುದು ತಪ್ಪು ಎಂದು ಗುರುತಿಸಲು ಅವರು ಕೇಳಿದರು. ಆರೂ ತಪ್ಪೇ ಆಗಿದ್ದವು. ಉತ್ತರಿಸಿದ 44 ಮನಶ್ಶಾಸ್ತ್ರ ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬರೂ ಕನಿಷ್ಠ ಒಂದನ್ನಾದರೂ ಸರಿಯೆಂದರು. ಸಂಖ್ಯಾಶಾಸ್ತ್ರ ಕಲಿಸದ 39 ಮನಶ್ಶಾಸ್ತ್ರಜ್ಞರಲ್ಲಿ ಶೇ 90ರಷ್ಟು ಮಂದಿ ಹಾಗೆಂದರು. ಎದೆಗೆ ನಾಟುವ ಅಂಕಿ ಮೂರನೆಯದು: ಸಂಖ್ಯಾಶಾಸ್ತ್ರೀಯ ವಿಧಾನಗಳನ್ನೇ ಕಲಿಸುತ್ತಿದ್ದ 30 ಬೋಧಕರಲ್ಲಿ ಶೇ 80ರಷ್ಟು ಮಂದಿ ಒಂದಾದರೂ ತಪ್ಪು ಹೇಳಿಕೆಯನ್ನು ಒಪ್ಪಿದರು. ಮಾದರಿ ಚಿಕ್ಕದು, ವಿಭಾಗವೂ ಮನಶ್ಶಾಸ್ತ್ರವೊಂದೇ. ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೂ ಕಲಿಸುವವರಿಂದ ಕಲಿಯುವವರಿಗೆ ತಪ್ಪು ಹರಿದುಬರುವ ಕಾಲುವೆ ಎಲ್ಲಿದೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಅಂತಃಪ್ರಜ್ಞೆಯ ದೋಷ ಇನ್ನೂ ಆಳದ್ದು. ಮನಶ್ಶಾಸ್ತ್ರಜ್ಞರಾದ ಟ್ವರ್‌ಸ್ಕಿ ಮತ್ತು ಕಾನೆಮನ್ 1970ರ ದಶಕದಲ್ಲಿ ಕೇಳಿದ ಆಸ್ಪತ್ರೆಯ ಪ್ರಶ್ನೆಯನ್ನು ನಮ್ಮ ಟಿಎಗಳ ಮುಂದೆ ಇಡುವುದು ಇಂದಿಗೂ ಪ್ರಯೋಜನಕರ. ಒಂದು ಊರಿನಲ್ಲಿ ಎರಡು ಆಸ್ಪತ್ರೆಗಳಿವೆ. ದೊಡ್ಡದರಲ್ಲಿ ದಿನಕ್ಕೆ ಸುಮಾರು 45 ಹೆರಿಗೆ, ಚಿಕ್ಕದರಲ್ಲಿ ಸುಮಾರು 15. ಹುಟ್ಟಿದ ಕೂಸುಗಳಲ್ಲಿ ಶೇ 60ಕ್ಕಿಂತ ಹೆಚ್ಚು ಗಂಡಾಗಿದ್ದ ದಿನಗಳನ್ನು ಎರಡೂ ಕಡೆ ಒಂದು ವರ್ಷ ಗುರುತಿಟ್ಟರೆ ಅಂಥ ದಿನಗಳು ಎಲ್ಲಿ ಹೆಚ್ಚು? 95 ವಿದ್ಯಾರ್ಥಿಗಳಲ್ಲಿ 53 ಮಂದಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎಂದರು, 21 ಮಂದಿ ದೊಡ್ಡ ಆಸ್ಪತ್ರೆ ಎಂದರು, ಸರಿಯಾಗಿ ಚಿಕ್ಕದೆಂದವರು 21 ಮಂದಿ ಮಾತ್ರ. ಗಂಡು ಹೆಣ್ಣು ಸಮ ಸಂಭವವೆಂದು ಹಿಡಿದು ಲೆಕ್ಕ ಹಾಕಿದರೆ ಚಿಕ್ಕ ಆಸ್ಪತ್ರೆಯಲ್ಲಿ ಅಂಥ ದಿನಗಳು ವರ್ಷಕ್ಕೆ ಸುಮಾರು 55, ದೊಡ್ಡದರಲ್ಲಿ ಸುಮಾರು 25. ಇದರ ಸೂತ್ರವನ್ನು ಎಂಎಸ್‌ಸಿ ಮುಗಿಸಿದ ಯಾರನ್ನಾದರೂ ಕೇಳಿ, ಸರಾಸರಿಯ ಸ್ಟ್ಯಾಂಡರ್ಡ್ ಎರರ್ ಎಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ) ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿದ್ದು ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಸೂತ್ರ ಗೊತ್ತಿರುವುದಕ್ಕೂ ಚಿಕ್ಕ ಮಾದರಿ ಹೆಚ್ಚು ಜಿಗಿಯುತ್ತದೆ ಎಂಬುದನ್ನು ಕಣ್ಣೆದುರಿನ ಅಂಕಿಗಳಲ್ಲಿ ಗುರುತಿಸುವುದಕ್ಕೂ ನಡುವೆ ದೂರವಿದೆ.

ಆ ದೂರವನ್ನೇ ಅಳೆಯಲು ಹೊರಟವರು ಅಮೆರಿಕದ ಜೆನ್ನಿಫರ್ ನಾಲ್. ಸಂಖ್ಯಾಶಾಸ್ತ್ರ ಕಲಿಸುವ ಟಿಎಗಳಿಗೆ ಮಾದರಿ ಆಯ್ಕೆಯ ಬಗ್ಗೆ ಇರುವ ತಿಳಿವಳಿಕೆಯನ್ನು ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷಿಸಿ 2011ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರಾಂಶ ಇದು: ಸೈದ್ಧಾಂತಿಕ ಸಂಭವನೀಯತಾ ವಿತರಣೆಗಳಲ್ಲಿ ಟಿಎಗಳು ಸಾಕಷ್ಟು ಗಟ್ಟಿ, ಆದರೆ ನಿಜವಾದ ಪ್ರಯೋಗದಿಂದ ಬಂದ ಅಂಕಿಗಳನ್ನು ಆ ಸಿದ್ಧಾಂತದ ನಿರೀಕ್ಷೆಯೊಂದಿಗೆ ಹೊಂದಿಸಿ ನೋಡುವಾಗ, ಎಷ್ಟು ಏರುಪೇರು ಸಹಜ ಎಂದು ಅಂದಾಜಿಸುವಾಗ ಅವರು ತಡವರಿಸುತ್ತಾರೆ. ನಮ್ಮ ಕಡೆಯ ಟಿಎಗಳನ್ನು ನೋಡಿದವರಿಗೆ ಈ ಚಿತ್ರ ಅಪರಿಚಿತವೆನಿಸದು. ಸೆಂಟ್ರಲ್ ಲಿಮಿಟ್ ಥಿಯರಂ ಅನ್ನು ಬೋರ್ಡು ತುಂಬ ಸಾಧಿಸಬಲ್ಲವರು, ಇಪ್ಪತ್ತು ವಿದ್ಯಾರ್ಥಿಗಳು ತಂದ ಇಪ್ಪತ್ತು ಬೇರೆ ಬೇರೆ ಸರಾಸರಿಗಳು ಏಕೆ ಬೇರೆ ಬೇರೆ ಎಂದು ಕೇಳಿದಾಗ ‘ರ‍್ಯಾಂಡಮ್ ಅಲ್ಲವೇ’ ಎಂದು ಮುಗಿಸಿಬಿಡುವುದುಂಟು. ಆದ್ದರಿಂದ ಟಿಎ ತರಬೇತಿಯ ಮೊದಲ ಭಾಗ ವಿಷಯದ ಮರುಕಲಿಕೆಯೇ ಆಗಬೇಕು. ಈ ಸಲ ಪ್ರಮೇಯದ ಕಡೆಯಿಂದ ಅಲ್ಲ, ದತ್ತಾಂಶದ ಕಡೆಯಿಂದ.

ದತ್ತಾಂಶಕ್ಕೂ ವಾದಕ್ಕೂ ಪುಣೆಯವರು ಹೊರಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೋಖಲೆ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಭಾರತದ ಬಡತನವನ್ನು ಅಳೆದಾಗ, ತಲೆಗೆ ದಿನಕ್ಕೆ 2,250 ಕ್ಯಾಲೊರಿ ದೊರಕಿಸಿಕೊಳ್ಳುವಷ್ಟು ಖರ್ಚನ್ನು ಆಧಾರವಾಗಿಟ್ಟುಕೊಂಡು, 1960–61ರಲ್ಲಿ ಗ್ರಾಮೀಣ ಜನರಲ್ಲಿ ಸುಮಾರು ಶೇ 40, ನಗರದವರಲ್ಲಿ ಸುಮಾರು ಶೇ 50 ಮಂದಿ ಆ ಮಟ್ಟಕ್ಕಿಂತ ಕೆಳಗಿದ್ದಾರೆಂದು ಅಂದಾಜಿಸಿದರು. ಇದನ್ನು ಪ್ರಶ್ನಿಸಿದವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಅಂಕಿಅಂಶ ವಿಭಾಗದ ಮುಖ್ಯಸ್ಥರಾಗಿದ್ದು, ಆಮೇಲೆ ಪುಣೆಯಲ್ಲಿ ನೆಲೆಸಿದ ಪಿ. ವಿ. ಸುಖಾತ್ಮೆ. ಒಬ್ಬನೇ ಆರೋಗ್ಯವಂತನ ಆಹಾರದ ಅಗತ್ಯವೂ ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಏರಿಳಿಯುತ್ತದೆ, ದೇಹ ಆ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಹಾಗಿರುವಾಗ ಸರಾಸರಿಗಿಂತ ಕಡಿಮೆ ತಿಂದವರನ್ನೆಲ್ಲ ಅಪೌಷ್ಟಿಕರೆಂದು ಎಣಿಸಿದರೆ ಸಂಖ್ಯೆ ಉಬ್ಬುತ್ತದೆ, ಸರಾಸರಿಯಿಂದ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗೆ ಗೆರೆ ಎಳೆಯಬೇಕು ಎಂಬುದು ಅವರ ವಾದ. ಮುಂಬಯಿಯಿಂದ ಹೊರಡುವ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ 1981ರಲ್ಲಿ ದಾಂಡೇಕರ್ ಮತ್ತು ಸುಖಾತ್ಮೆ ಮುಖಾಮುಖಿಯಾದರು.

ಈ ವಾಗ್ವಾದವನ್ನು ಟಿಎ ತರಬೇತಿಯ ಎರಡು ತಾಸಿಗೆ ಇಟ್ಟು ನೋಡಿ. ಅಗತ್ಯಗಳು ನಾರ್ಮಲ್ ವಿತರಣೆಯಂತೆ ಹರಡಿದ್ದರೆ ಆರೋಗ್ಯವಂತರಲ್ಲೇ ಅರ್ಧದಷ್ಟು ಮಂದಿಯ ಅಗತ್ಯ ಸರಾಸರಿಗಿಂತ ಕಡಿಮೆ. ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗಿನ ಗೆರೆಯಿಂದಾಚೆ ಉಳಿಯುವವರು ಶೇ 2.3ರಷ್ಟು ಮಾತ್ರ. ಒಂದು ಗೆರೆಯನ್ನು ಸರಿಸಿದೊಡನೆ ಕೋಟ್ಯಂತರ ಜನ ಬಡವರ ಪಟ್ಟಿಯಿಂದ ಹೊರಬೀಳುತ್ತಾರೆ. ಇಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವಿನ ವ್ಯತ್ಯಾಸ ಯಾವುದು, ಒಬ್ಬನೇ ವ್ಯಕ್ತಿಯೊಳಗಿನ ಏರಿಳಿತ ಯಾವುದು, ತಿಂಗಳ ಖರ್ಚಿನ ಸಮೀಕ್ಷೆಯಲ್ಲಿ ಇವೆರಡನ್ನು ಬೇರ್ಪಡಿಸಲಾದೀತೇ, ವ್ಯಕ್ತಿಯೊಳಗಿನ ಏರಿಳಿತ ದೀರ್ಘಕಾಲದ ಸರಾಸರಿಯಲ್ಲಿ ಕರಗಿಹೋಗುವುದಿಲ್ಲವೇ, ಕುಟುಂಬದ ಲೆಕ್ಕವನ್ನು ತಲೆಗೆ ಹಂಚುವಾಗ ಹೆಂಗಸರು ಮಕ್ಕಳ ಪಾಲು ಏನಾಗುತ್ತದೆ? ಅಂಕಿಗಳ ಹರಡುವಿಕೆಯನ್ನು ಅಳೆಯುವ ವೇರಿಯನ್ಸ್ ಎಂಬುದು ಪರೀಕ್ಷೆಯ ಐದು ಅಂಕಗಳ ಸೂತ್ರ ಎಂದುಕೊಂಡಿದ್ದ ಟಿಎಗೆ, ಒಂದು ದೇಶದಲ್ಲಿ ಹಸಿದವರೆಷ್ಟು ಎಂಬ ಪ್ರಶ್ನೆಯೇ ಅದರ ಮೇಲೆ ನಿಂತಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಹಸಿವನ್ನು ಕಡಿಮೆ ಎಣಿಸುವ ಅಪಾಯ ಸುಖಾತ್ಮೆಯವರ ಗೆರೆಯಲ್ಲಿದೆ ಎಂದು ನಾನು ನಂಬಿದ್ದರೂ, ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸರಾಸರಿಯೊಂದನ್ನೇ ಗೆರೆಯಾಗಿಸುವುದು ಸಲ್ಲದು ಎಂಬ ಅವರ ಮೂಲ ಆಕ್ಷೇಪವನ್ನು ವಿದ್ಯಾರ್ಥಿಗಳು ಅದರ ಪೂರ್ಣ ಬಲದಲ್ಲಿ ಎದುರಿಸಬೇಕು. ಎರಡೂ ಪಕ್ಷಗಳನ್ನು ಪ್ರಾಮಾಣಿಕವಾಗಿ ಮಂಡಿಸಲು ಬಂದ ಟಿಎ ಅರ್ಧ ಬೋಧಕನಾದಂತೆಯೇ.

ಮುಂಬಯಿಯವರಿಗೂ ಕೈಯಳತೆಯಲ್ಲೇ ಸಾಮಗ್ರಿಯಿದೆ. ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನೋಡಲ್ ಸಂಸ್ಥೆ. ಕುಟುಂಬಗಳ ಖರ್ಚಿನ ಸಮೀಕ್ಷೆಯ ಬಿಡಿ ದತ್ತಾಂಶ ಕೇಂದ್ರದ ಅಂಕಿಅಂಶ ಸಚಿವಾಲಯದಿಂದ ಉಚಿತವಾಗಿ ಸಿಗುತ್ತದೆ. 2023–24ರಲ್ಲಿ ತಲಾ ಮಾಸಿಕ ಖರ್ಚಿನ ಸರಾಸರಿ ಗ್ರಾಮೀಣ ಭಾಗದಲ್ಲಿ 4,122 ರೂಪಾಯಿ, ನಗರದಲ್ಲಿ 6,996 ರೂಪಾಯಿ ಎಂಬುದು ಅದರಿಂದಲೇ ಬಂದ ಅಂಕಿ. 2011ರ ನಂತರ ನಡೆಯದ ಜನಗಣತಿಗೆ ಈಗ 2027ರ ಮಾರ್ಚ್ 1 ಉಲ್ಲೇಖ ದಿನವಾಗಿದೆ. ಇಷ್ಟು ವರ್ಷ ಹಳೆಯ ಗಣತಿಯ ಪಟ್ಟಿಯಿಂದಲೇ ಮಾದರಿಗಳನ್ನು ಆರಿಸುವಾಗ, ಆ ಬಳಿಕ ಎದ್ದ ಬಡಾವಣೆಗಳೂ ಜೋಪಡಪಟ್ಟಿಗಳೂ ಏನಾದವು ಎಂಬ ಪ್ರಶ್ನೆಗಿಂತ ಒಳ್ಳೆಯ ಟ್ಯುಟೋರಿಯಲ್ ಪ್ರಶ್ನೆ ನನಗಂತೂ ತೋಚದು. ಇವನ್ನೆಲ್ಲ ಬಿಟ್ಟು, ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲದ ಹತ್ತು ಅಂಕಿಗಳ ಮೇಲೆ ಮಕ್ಕಳಿಂದ ಲೆಕ್ಕ ಮಾಡಿಸುತ್ತಿದ್ದೇವೆ.

ಹಾಗಾದರೆ ತರಬೇತಿ ಹೇಗಿರಬೇಕು? ಸೆಮಿಸ್ಟರಿನ ಆರಂಭದಲ್ಲಿ ಎರಡು ದಿನದ ಕಾರ್ಯಾಗಾರ ನಡೆಸಿ, ಪ್ರಮಾಣಪತ್ರ ಕೊಟ್ಟು, ಫೋಟೊ ತೆಗೆಸಿಕೊಂಡು ಮುಗಿಸುವ ಕ್ರಮದಲ್ಲಿ ನನಗೆ ವಿಶ್ವಾಸವಿಲ್ಲ. ಪ್ರತಿ ವಾರ, ಟ್ಯುಟೋರಿಯಲ್‌ಗೆ ಮೊದಲು, ಪತ್ರಿಕೆ ಕಲಿಸುವ ಪ್ರಾಧ್ಯಾಪಕರು ಮತ್ತು ಆ ಪತ್ರಿಕೆಯ ಟಿಎಗಳೆಲ್ಲ ಒಂದು ತಾಸು ಕೂಡಿ ಕೂರುವುದು ಅದಕ್ಕಿಂತ ಎಷ್ಟೋ ಪರಿಣಾಮಕಾರಿ. ಆ ತಾಸಿನಲ್ಲಿ ಸರಿಯುತ್ತರದ ಚರ್ಚೆ ಬೇಡ, ಅದು ಎಲ್ಲರಿಗೂ ಗೊತ್ತು. ಪ್ರತಿ ಪ್ರಶ್ನೆಗೂ ವಿದ್ಯಾರ್ಥಿಗಳು ಕೊಡಬಹುದಾದ ತಪ್ಪುತ್ತರಗಳನ್ನು ಬರೆಯಬೇಕು, ಆ ತಪ್ಪಿನ ಹಿಂದಿರುವ ತರ್ಕವನ್ನು ಊಹಿಸಬೇಕು, ಅದನ್ನು ಬಯಲಿಗೆಳೆಯುವ ಮರುಪ್ರಶ್ನೆಯೊಂದನ್ನು ಸಿದ್ಧ ಮಾಡಿಕೊಳ್ಳಬೇಕು. ಮಾದರಿಯಿಂದ ಸರಾಸರಿಯನ್ನು ಅಂದಾಜಿಸುವ ವ್ಯಾಪ್ತಿ, ಅಂದರೆ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್, 42ರಿಂದ 48 ಎಂದು ಬಂದಾಗ ‘ನಿಜವಾದ ಸರಾಸರಿ ಇದರೊಳಗೆ ಇರುವ ಸಂಭವನೀಯತೆ ಶೇ 95’ ಎಂದು ಹತ್ತರಲ್ಲಿ ಎಂಟು ಮಂದಿ ಬರೆಯುತ್ತಾರೆ ಎಂದಿಟ್ಟುಕೊಂಡೇ ಟಿಎ ಒಳಗೆ ಹೋಗಬೇಕು. ಅದು ತಪ್ಪೆಂದು ಹೇಳಿ ಮುಂದೆ ಸಾಗಿದರೆ ಏನೂ ಆಗದು. ಒಂದೇ ಜನಸಮೂಹದಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮಾದರಿ ತೆಗೆದು, ತನ್ನ ಇಂಟರ್ವಲ್ ಅನ್ನು ಬೋರ್ಡಿನ ಮೇಲೆ ಅಡ್ಡಗೆರೆಯಾಗಿ ಎಳೆದು, ಕೊನೆಗೆ ನಿಜವಾದ ಸರಾಸರಿಯನ್ನು ಉದ್ದಗೆರೆಯಾಗಿ ಎಳೆದಾಗ ಒಂದೆರಡು ಅಡ್ಡಗೆರೆಗಳು ಅದನ್ನು ಮುಟ್ಟದೆ ನಿಲ್ಲುತ್ತವೆ. ಶೇ 95 ಎಂಬುದು ವಿಧಾನದ ಗುಣ, ಕೈಯಲ್ಲಿರುವ ಆ ಒಂದು ಗೆರೆಯದಲ್ಲ ಎಂಬುದು ಆಗ ಅರ್ಥವಾಗುತ್ತದೆ. ಆರ್ ಪ್ರೋಗ್ರಾಮಿನಲ್ಲಿ ಇದನ್ನೇ ಸಾವಿರ ಸಲ ಮಾಡಿಸುವುದು ಆಮೇಲಿನ ಮಾತು.

ಎರಡನೆಯ ಅಭ್ಯಾಸ, ಉತ್ತರಗಳನ್ನು ಒಟ್ಟಿಗೆ ಕೂತು ತಿದ್ದುವುದು. ಒಂದೇ ಉತ್ತರಪತ್ರಿಕೆಯ ನಕಲನ್ನು ಎಲ್ಲ ಟಿಎಗಳಿಗೂ ಕೊಟ್ಟು ಬೇರೆ ಬೇರೆಯಾಗಿ ಅಂಕ ಹಾಕಿಸಿ, ಆಮೇಲೆ ಹೋಲಿಸಬೇಕು. ‘ಎಚ್-ನಾಟ್ ರಿಜೆಕ್ಟ್’ ಎಂದಷ್ಟೇ ಬರೆದವನಿಗೂ, ‘ತಳಿಗಳಲ್ಲಿ ವ್ಯತ್ಯಾಸವೇ ಇಲ್ಲವೆಂದು ಇಟ್ಟುಕೊಂಡರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವುದು ನೂರಕ್ಕೆ ಮೂರು ಸಲ, ಆದರೆ ಅಂತರ ಎಕರೆಗೆ ಅರ್ಧ ಕ್ವಿಂಟಾಲ್ ಮಾತ್ರ’ ಎಂದು ಬರೆದವಳಿಗೂ ಒಂದೇ ಅಂಕ ಬಿದ್ದರೆ, ಎರಡನೆಯ ಬಗೆಯ ಉತ್ತರವನ್ನು ಮುಂದಿನ ವರ್ಷ ಯಾರೂ ಬರೆಯುವುದಿಲ್ಲ. ಜನರೇಟಿವ್ ಎಐ ಬಂದ ಮೇಲಂತೂ ಲೆಕ್ಕದ ಭಾಗ, ಕೋಡಿನ ಭಾಗ, ಚೊಕ್ಕ ವಾಕ್ಯಗಳ ತೀರ್ಮಾನ ಎಲ್ಲವೂ ನಿಮಿಷದಲ್ಲಿ ಸಿದ್ಧವಾಗುತ್ತದೆ. ಜರ್ನಲ್ ನೋಡಿ ಟಿಕ್ ಹಾಕುವ ಟಿಎ ಇನ್ನು ಏನನ್ನೂ ಅಳೆಯುತ್ತಿಲ್ಲ. ಹತ್ತು ನಿಮಿಷ ಎದುರಿಗೆ ಕೂರಿಸಿಕೊಂಡು ನಡೆಸುವ ವೈವಾ ಅದರ ಜಾಗಕ್ಕೆ ಬರಬೇಕು, ಮತ್ತು ವೈವಾದಲ್ಲಿ ಪ್ರಶ್ನೆ ಕೇಳುವುದು ಕಲಿತು ಬರುವ ಕೌಶಲ.

ಭಾಷೆಯ ವಿಷಯವನ್ನೂ ಹೇಳಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಶಾಲೆಗಳಿಂದಲೂ ಮರಾಠಿ ಶಾಲೆಗಳಿಂದಲೂ ಬಂದ ಮಕ್ಕಳು ಉಪನ್ಯಾಸದಲ್ಲಿ ಬಾಯಿ ಬಿಡುವುದಿಲ್ಲ, ಟ್ಯುಟೋರಿಯಲ್‌ನಲ್ಲಿ ಬಿಡುತ್ತಾರೆ. ಅದೂ ತಮ್ಮ ಭಾಷೆ ಆಡುವ ಟಿಎ ಸಿಕ್ಕರೆ. ಧಾರವಾಡ, ಕಲಬುರಗಿ, ವಿಜಯಪುರಗಳಿಂದ ಸಂಶೋಧನೆಗೆ ಬರುವ ನಮ್ಮವರು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ವಿವರಿಸಬಲ್ಲವರು. ಈ ಸಾಮರ್ಥ್ಯವನ್ನು ವಿಭಾಗಗಳು ಕಾರಿಡಾರಿನ ಉಪಕಾರವಾಗಿ ಉಳಿಸದೆ, ಟ್ಯುಟೋರಿಯಲ್ ಬ್ಯಾಚುಗಳನ್ನು ಹಂಚುವಾಗಲೇ ಗಣನೆಗೆ ತೆಗೆದುಕೊಳ್ಳಬೇಕು.

ಇಷ್ಟೆಲ್ಲಕ್ಕೂ ಸಮಯ ಬೇಕು, ಸಮಯಕ್ಕೆ ಬೆಲೆಯಿದೆ. ಐಐಟಿಗಳಲ್ಲಿ ಎಂಟೆಕ್ ವಿದ್ಯಾರ್ಥಿ ತಿಂಗಳಿಗೆ 12,400 ರೂಪಾಯಿಯ ಸಹಾಯಧನಕ್ಕೆ ವಾರಕ್ಕೆ ಎಂಟು ತಾಸು ವಿಭಾಗದ ಕೆಲಸ ಮಾಡಬೇಕೆಂಬುದು ಬಹಳ ಕಾಲದ ರೂಢಿ. ಅಲ್ಲಿ ಟಿಎ ಎಂಬುದು ವ್ಯವಸ್ಥೆಯ ಅಂಗ. ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಆದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಯಾವ ಫೆಲೋಶಿಪ್ಪೂ ಇಲ್ಲದೆ, ಟ್ಯೂಷನ್ ಹೇಳಿಕೊಂಡು, ತಾಸಿಗಿಷ್ಟು ಎಂಬ ಕ್ಲಾಕ್ ಅವರ್ ಲೆಕ್ಕದಲ್ಲಿ ಎರಡು ಕಾಲೇಜು ಓಡಾಡಿಕೊಂಡು ಪಿಎಚ್‌ಡಿ ಮಾಡುವವರು ಅದೇ ಕಾರಿಡಾರಿನಲ್ಲಿದ್ದಾರೆ. ಅವರಿಗೆ ವಾರಕ್ಕೆ ಆರು ತಾಸನ್ನು ತರಬೇತಿಯ ಹೆಸರಿನಲ್ಲಿ ಬಿಟ್ಟಿಯಾಗಿ ಹೊರಿಸುವುದು ಅನ್ಯಾಯ. ಇದಕ್ಕಿಂತ ದೊಡ್ಡ ಅಪಾಯ, ಖಾಲಿ ಬಿದ್ದ ಬೋಧಕರ ಹುದ್ದೆಗಳನ್ನು ತುಂಬದೆ ಟಿಎಗಳಿಂದಲೇ ತರಗತಿ ನಡೆಸುವುದು. ನಿಯಮಾವಳಿ ಹೇಳಿರುವುದು ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ ಎಂದು. ಪೂರ್ಣ ಪತ್ರಿಕೆಯೊಂದನ್ನು ಅವರ ತಲೆಗೆ ಕಟ್ಟುವುದಕ್ಕೆ ಅದರಲ್ಲಿ ಆಧಾರವಿಲ್ಲ. ಗೌರವಧನ, ತಾಸಿನ ಮಿತಿ ಮತ್ತು ಕೆಲಸದ ಸ್ವರೂಪವನ್ನು ಬರವಣಿಗೆಯಲ್ಲಿ ಕೊಡದ ಹೊರತು ಸಂಶೋಧನಾ ವಿದ್ಯಾರ್ಥಿಗಳು ಒಪ್ಪಿಕೊಳ್ಳಬಾರದು ಎಂದೇ ನಾನು ಹೇಳುತ್ತೇನೆ.

ತರಬೇತಿಗೆ ಜಾಗ ಅದೇ ನಿಯಮಾವಳಿಯೊಳಗೆ ಇದೆ. ಪಿಎಚ್‌ಡಿ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ ಇರಬೇಕು. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಎರಡು ಕ್ರೆಡಿಟ್‌ಗಳ ಪತ್ರಿಕೆ ಅದರಲ್ಲಿ ಕಡ್ಡಾಯ. ಉಳಿದವುಗಳಲ್ಲಿ ಎರಡನ್ನು ಸಂಖ್ಯಾಶಾಸ್ತ್ರ ಬೋಧನೆಗೆಂದೇ ಮೀಸಲಿಟ್ಟು, ಎಲ್ಲ ವಿಭಾಗಗಳಿಗೂ ಒಂದೇ ಸಾಮಾನ್ಯ ಶಿಕ್ಷಣಶಾಸ್ತ್ರದ ಪತ್ರಿಕೆಯನ್ನು ಹೇರದೆ, ವಾರದ ಪೂರ್ವಸಿದ್ಧತೆಯ ಸಭೆ, ಒಟ್ಟಾಗಿ ತಿದ್ದಿದ ಉತ್ತರಗಳು, ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಎರಡು ಟ್ಯುಟೋರಿಯಲ್‌ಗಳು ಮತ್ತು ಟಿಎ ತಾನೇ ರೂಪಿಸಿದ ಒಂದು ದತ್ತಾಂಶ ಆಧಾರಿತ ಪಾಠ, ಇವುಗಳ ಮೇಲೆ ಗ್ರೇಡು ಕೊಡಬಹುದು. ಇದಕ್ಕೆ ಹೊಸ ಹುದ್ದೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಪ್ರಾಧ್ಯಾಪಕರ ವಾರದ ಕಾರ್ಯಭಾರದಲ್ಲಿ ಆ ಒಂದು ತಾಸಿನ ಸಭೆಯನ್ನು ಬೋಧನೆಯ ತಾಸೆಂದು ಎಣಿಸಲು ಅಧ್ಯಯನ ಮಂಡಳಿ ಮತ್ತು ವಿದ್ಯಾ ಪರಿಷತ್ತು ಒಪ್ಪಬೇಕು. ಪಠ್ಯಕ್ರಮ ಹೊಸ ನೀತಿಗೆ ತಕ್ಕಂತೆ ಬದಲಾಗುತ್ತಿರುವ ಈ ಹೊತ್ತಿನಲ್ಲಿ ಆ ಠರಾವನ್ನು ಮಂಡಿಸುವುದು ಪ್ರತಿ ಸಂಖ್ಯಾಶಾಸ್ತ್ರ ವಿಭಾಗದ ಕೈಯಲ್ಲಿದೆ.